ಏಳು ಮನೆಗೊಂದು ಇಂಟರ್ನೆಟ್ಟು, ಅದಕ್ಕೊಬ್ಬ ಮಾವ

ನಮ್ಮ ಸೋದರಮಾವನನ್ನು ಒಬ್ಬರೆಂದು ಎಣಿಸಿದವರು ಜನಗಣತಿಯವರು ಮಾತ್ರ. ಪಾಪ, ಅವರು ಅವಸರದಲ್ಲಿದ್ದರು. ಎರಡು ನಿಮಿಷ ಕುಳಿತು ಮಾತಾಡಿಸಿದ್ದರೆ, ಒಂದೇ ಧೋತರದೊಳಗೆ ಇಬ್ಬರು ವಾಸವಾಗಿದ್ದಾರೆ, ಆ ಇಬ್ಬರ ನಡುವೆ ಮಾತುಕತೆ ಅಷ್ಟಕ್ಕಷ್ಟೇ ಎಂಬುದು ಅವರ ಗಮನಕ್ಕೂ ಬರುತ್ತಿತ್ತು.

ಮೊದಲನೆಯವರು ಇಂಜಿನಿಯರು. ವಾಡಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ಚಿಲ್ಲರೆ ವರ್ಷ ತಂತಿ ಎಳೆದವರು, ಕಂಬ ನೆಡಿಸಿದವರು, ಸೇಡಂನಿಂದ ಚಿಂಚೋಳಿಯವರೆಗೆ ‘ಹಲೋ ಹಲೋ’ ಎಂದು ಕೂಗಿದವರು. ತಂತಿ ಕೈಕೊಟ್ಟ ದಿನ ಅವರ ದನಿ ತಂತಿಯ ಸಹಾಯವಿಲ್ಲದೆಯೇ ಚಿಂಚೋಳಿ ಮುಟ್ಟುತ್ತಿತ್ತೆಂದು ಹೇಳುವವರು ಈಗಲೂ ಇದ್ದಾರೆ. ಎರಡನೆಯವರು ವಕೀಲರು. ನಿವೃತ್ತಿಯಾದ ವರ್ಷವೇ ಕಲಬುರಗಿಯಲ್ಲಿ ಕಾನೂನು ಕಾಲೇಜು ಸೇರಿ, ಮೊಮ್ಮಕ್ಕಳ ವಯಸ್ಸಿನವರ ಪಕ್ಕ ಬೆಂಚಿನ ಮೇಲೆ ಕುಳಿತು, ಮೂರು ವರ್ಷಕ್ಕೆ ಕರಿಕೋಟು ಸಂಪಾದಿಸಿ, ಈಗ ಶಹಾಬಾದಿನಿಂದ ಚಿತ್ತಾಪುರದ ಕೋರ್ಟಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವರು. ಕೋಟು ಬದಲಾದರೂ ಕಿಸೆ ಬದಲಾಗಿಲ್ಲ. ನ್ಯಾಯಾಧೀಶರ ಮುಂದೆ ಪೆನ್ನೆಂದು ತಿಳಿದು ಅವರು ಹೊರತೆಗೆಯುವುದು ಹತ್ತಕ್ಕೆ ಎಂಟು ಸಲ ಕರೆಂಟು ಪರೀಕ್ಷಿಸುವ ಟೆಸ್ಟರ್!

ಈ ವಯಸ್ಸಿನಲ್ಲಿ ಕಾನೂನು ಯಾಕೆ ಮಾಮಾ ಎಂದು ನಾನು ಆಗಲೇ ಕೇಳಿದ್ದೆ. "ತಂತಿ ಎಳದಾವ ನಾ. ನಿಯಮ ಬರದಾವ ದಿಲ್ಲಿಯ ಯಾವನೋ ವಕೀಲ. ಫೋನಿನ ಯಾವ ತುದಿ ಕಿವಿಗೆ ಹಚ್ಚಬೇಕು ಅಂಬೋದು ಅವಗ ಗೊತ್ತಿಲ್ಲ. ಹಿಂಗಾದ್ರ ಹೆಂಗಪಾ?" ಎಂದಿದ್ದರು. ಸರಿ, ತಾವೇ ವಕೀಲರಾದರಲ್ಲ, ಇನ್ನಾದರೂ ಸಮಾಧಾನವಾಯಿತೆ? ಎಲ್ಲಿ ಬಂತು! ಕೋಟು ಹಾಕಿದ ಮೊದಲ ವಾರವೇ ವರಸೆ ಬದಲಾಯಿತು. ಈ ಇಂಜಿನಿಯರ್ ಮಂದಿ ಯಾರನ್ನೂ ಒಂದು ಮಾತು ಕೇಳದೆ ಎಲ್ಲೆಂದರಲ್ಲಿ ತಂತಿ ಎಳೆದುಬಿಡುತ್ತಾರೆ, ಜನರಿಗೆ ಹಕ್ಕು ಎಂಬುದೊಂದು ಇದೆಯೋ ಇಲ್ಲವೋ ಎಂದು ಗುಡುಗತೊಡಗಿದರು.

ಅಂದಿನಿಂದ ಅವರ ಜೀವನದ ಪರಮ ಪ್ರಶ್ನೆ ಒಂದೇ: ಇಂಟರ್ನೆಟ್ಟಿನ ಕಟ್ಟಳೆಗಳನ್ನು ಮಾಡಬೇಕಾದವರು ವಕೀಲರೋ, ಇಂಜಿನಿಯರರೋ? ಸ್ನಾನಕ್ಕೆ ಮುಂಚೆ ಒಂದು ಉತ್ತರ, ಸ್ನಾನವಾದ ಮೇಲೆ ಇನ್ನೊಂದು. ನನಗೆ ಎರಡೂ ಸರಿ ಎನ್ನಿಸುತ್ತಿತ್ತು. ಎರಡೂ ತಪ್ಪು ಎಂದೂ ಎನ್ನಿಸುತ್ತಿತ್ತು. ವಾಡಿಯ ಶಾಲೆಯಲ್ಲಿ ಕನ್ನಡ ಕಲಿಸುವ ನನ್ನಂಥವನು ಇಂಥ ಗಹನ ವಿಷಯದಲ್ಲಿ ಗೊಂದಲಕ್ಕೊಳಗಾಗುವುದೇ ಸಭ್ಯತೆ ಎಂದು ಸುಮ್ಮನಿದ್ದೆ. ದೇಶದ ಮಟ್ಟದಲ್ಲೇ ಈ ಪ್ರಶ್ನೆ ಉಳಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಅದು ನಮ್ಮ ಓಣಿಗೇ ಬಂತು. ಬಂದು, ಪಕ್ಕದ ಮನೆಯ ಗಂಗಮ್ಮನ ಮಾತಿಗೆ ಅಡ್ಡ ಕುಳಿತಿತು.

ಶಹಾಬಾದಿನ ನಮ್ಮ ಓಣಿಯಲ್ಲಿ ಏಳೇ ಮನೆ. ಕೇಬಲ್ಲಿನವರು ಬಂದು, ಮನೆಮನೆಗೂ ತಂತಿ ಬೇಕೆಂದರೆ ಓಣಿಗೆ ಹಾಸಿದ ಫರಸಿಕಲ್ಲುಗಳನ್ನು ಎಬ್ಬಿಸಬೇಕಾಗುತ್ತದೆ ಎಂದರು. ಅಜ್ಜಂದಿರು ಹಾಸಿದ ಕಲ್ಲು! ತನ್ನ ಬಾಗಿಲ ಮುಂದಿನ ಕಲ್ಲನ್ನು ಎಬ್ಬಿಸಲು ಯಾರು ಒಪ್ಪುತ್ತಾರೆ? ಕೊನೆಗೆ ಓಣಿಯ ಬಾಯಲ್ಲೇ ಇರುವ ಮಾವನ ಮನೆಗೆ ಒಂದು ತಂತಿ ಬರುವುದು, ಉಳಿದ ಆರು ಮನೆಗಳು ಅಲ್ಲಿಂದ ಗಾಳಿಯಲ್ಲಿ ಬಂದಷ್ಟನ್ನು ಹಿಡಿದುಕೊಳ್ಳುವುದು ಎಂದು ತೀರ್ಮಾನವಾಯಿತು. ಮೊಬೈಲಿನ ಸ್ವಂತ ಸಿಗ್ನಲ್ಲೆಂದರೆ ನಮ್ಮಲ್ಲಿ ಅದು ಮಾತಿಗೆ ಸಾಕು, ಚಿತ್ರಕ್ಕೆ ಸಾಲದು.

ಆ ತಂತಿಯ ತುದಿಗೆ ಒಂದು ಕರಿ ಡಬ್ಬಿ ಬಂತು. ರೌಟರ್ ಎನ್ನುತ್ತಾರೆ. ಮನೆಗೆ ಬಂದ ಯಾವ ಹೊಸ ವಸ್ತುವಾದರೂ ಮೊದಲು ದೇವರ ಮುಂದೆ ಕೂಡಬೇಕೆಂಬುದು ನಮ್ಮ ಅತ್ತೆಯ ಪದ್ಧತಿ. ಅರಿಶಿನ ಕುಂಕುಮ ಹಚ್ಚಿ ಅದನ್ನು ದೇವರ ಕೋಣೆಯ ಗೂಡಿನಲ್ಲಿಟ್ಟರು. ಅಲ್ಲಿಯೇ ತಂತಿ ಸಿಕ್ಕಿಸಿದಾಗ ಅದರ ನೆತ್ತಿಯ ಮೇಲೆ ನಾಲ್ಕು ಹಸಿರು ದೀಪಗಳು ಪಿಳಿಪಿಳಿ ಹತ್ತಿದವು. ಅತ್ತೆ ಕೈಮುಗಿದರು. ದೇವರ ಮುಂದೆ ತಾನಾಗಿ ಹತ್ತಿದ ದೀಪವನ್ನು ಎತ್ತಕೂಡದು ಎಂದು ಆಜ್ಞೆಯಾಯಿತು. ಡಬ್ಬಿ ಅಲ್ಲಿಯೇ ಉಳಿಯಿತು.

ದೇಶದ ಬೇರೆ ಕಡೆ ಇಂಟರ್ನೆಟ್ ನಿಂತರೆ ಜನ ಕಂಪನಿಗೆ ಫೋನ್ ಹಚ್ಚುತ್ತಾರೆ. ನಮ್ಮ ಓಣಿಯಲ್ಲಿ ಮಾತ್ರ ಗಂಡಸರೆಲ್ಲ ಮೊಬೈಲು ಹಿಡಿದು ಮಾವನ ಬಾಗಿಲಿಗೆ ಬಂದು, "ಅತ್ತಿ ಸ್ನಾನ ಆತೇನ್ರಿ?" ಎಂದು ವಿಚಾರಿಸುತ್ತಾರೆ. ಡಬ್ಬಿಯನ್ನು ಆರಿಸಿ ಮತ್ತೆ ಹಚ್ಚಬೇಕೆಂದರೆ ದೇವರ ಕೋಣೆಗೆ ಹೋಗಬೇಕು. ದೇವರ ಕೋಣೆಗೆ ಹೋಗಬೇಕೆಂದರೆ ಮಡಿಯಲ್ಲಿರಬೇಕು. ಮಡಿಯಲ್ಲಿರುವವರು ಆ ಮನೆಯಲ್ಲಿ ಒಬ್ಬರೇ. ಹೊಸಬರು ಯಾರಾದರೂ ಈ ವಿಚಾರಣೆಯನ್ನು ಕೇಳಿದರೆ ನಮ್ಮ ಓಣಿಯ ಬಗ್ಗೆ ಏನು ತಿಳಿದುಕೊಳ್ಳಬೇಕು, ನೀವೇ ಹೇಳಿ!

ಇನ್ನು ಗಂಗಮ್ಮ. ಮಾವನ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಸಣ್ಣವಳಿದ್ದಾಗ ಬಂದ ಜ್ವರದಲ್ಲಿ ಎರಡೂ ಕಿವಿ ಹೋದವು, ಅವುಗಳ ಹಿಂದೆಯೇ ಮಾತೂ ಹೋಯಿತು. ಗಂಡ ತೀರಿಹೋಗಿ ಬಹಳ ವರ್ಷವಾಯಿತು. ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಒಬ್ಬಳೇ ಮಗಳನ್ನು ಬೆಳೆಸಿದಳು. ತಾಯಿಗೂ ಮಗಳಿಗೂ ಒಂದು ಕೈಭಾಷೆ. ಯಾರೂ ಕಲಿಸಿದ್ದಲ್ಲ, ಒಲೆಯ ಮುಂದೆ ಕುಳಿತು ಇಬ್ಬರೇ ಕಟ್ಟಿಕೊಂಡದ್ದು. ಹಿಟ್ಟು, ನೀರು, ಬಾ, ಹೋಗು ಎಂಬಷ್ಟು ನಮಗೂ ತಿಳಿಯುತ್ತಿತ್ತು. ಓಣಿಯ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಹೆಸರಿತ್ತು. ಮಾವನ ಹೆಸರು ಹೇಳಲು ಗಂಗಮ್ಮ ಮೊದಲು ಕಾಲರು ಎಳೆದುಕೊಳ್ಳುತ್ತಿದ್ದಳು, ಆಮೇಲೆ ಗಾಳಿಯಲ್ಲಿ ಸ್ಕ್ರೂ ತಿರುವುತ್ತಿದ್ದಳು. ಕಿವಿ ಕೇಳದಿದ್ದರೂ ಜನಗಣತಿಯವರಿಗಿಂತ ಸರಿಯಾಗಿ ಎಣಿಸಿದ್ದಳು! ಅದರ ಆಚೆಗಿನ ಮಾತು, ಅಂದರೆ ನಿಜವಾದ ಮಾತು, ಜಗತ್ತಿನಲ್ಲಿ ಆ ಇಬ್ಬರಿಗೆ ಮಾತ್ರ ಬರುತ್ತಿತ್ತು.

ಮಗಳು ಅಂಬಿಕಾಳನ್ನು ಚಿಂಚೋಳಿ ಕಡೆಯ ಕೊಡ್ಲಿ ಎಂಬ ಊರಿಗೆ ಕೊಟ್ಟಿದ್ದರು. ಅಳಿಯ ಒಳ್ಳೆಯವನು, ತೊಗರಿ ಹೊಲದಿಂದ ಐದು ಗಂಟೆಗೆ ಮನೆಗೆ ಬಂದವನೇ ಹೆಂಡತಿಯ ಕೈಗೆ ಫೋನು ಕೊಡುವನು. ಗಂಗಮ್ಮ ಇಲ್ಲಿ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು ಕುಳಿತುಕೊಳ್ಳುವಳು. ಅರ್ಧ ತಾಸು ನಾಲ್ಕು ಕೈಗಳು ಹರಟೆ ಹೊಡೆಯುವವು. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬರಬೇಕಾಗಿತ್ತು. ಆದರೆ ಏನೋ ತೊಂದರೆ ಕಂಡು, ಹಾಸಿಗೆ ಬಿಟ್ಟು ಏಳಬಾರದು, ಪ್ರಯಾಣದ ಮಾತೇ ಬೇಡ ಎಂದು ಡಾಕ್ಟರು ಹೇಳಿದರು. ಹೀಗಾಗಿ ಆ ಅರ್ಧ ತಾಸೇ ಅವಳ ತವರು. ಅದು ಸರಿಯಾಗಿ ಐದು ಗಂಟೆಗೆ, ಓಣಿಯೆಲ್ಲ ಮೊಬೈಲು ಹಿಡಿದು ಕುಳಿತಾಗ, ನಿಂತು ನಿಂತು ಬರತೊಡಗಿತು.

ಮಾವನೊಳಗಿನ ಇಂಜಿನಿಯರು ಎಚ್ಚೆತ್ತರು. ರೋಗದ ಮೂಲ ಅವರಿಗೆ ತಕ್ಷಣ ಸಿಕ್ಕಿತು: ಎಲ್ಲರೂ ವಿಡಿಯೋ ನೋಡುವುದು. ತಂತಿಯೆಂಬುದು ಕಾಲುವೆ ಇದ್ದಂತೆ, ಎಮ್ಮೆಗಳೆಲ್ಲ ಒಮ್ಮೆಲೇ ಇಳಿದರೆ ಯಾರಿಗೂ ನೀರಿಲ್ಲ ಎಂದು ವಿವರಿಸಿದರು. ಸಂಜೆ ನಾಲ್ಕರಿಂದ ಏಳರವರೆಗೆ ವಿಡಿಯೋ ಎಂಬ ಎಮ್ಮೆಗೆ ಬಿಗಿಯಾದ ಮೂಗುದಾರ ಹಾಕಿದರು. ಅಕ್ಷರ, ಧ್ವನಿ ಮಾತ್ರ ಸಲೀಸು. ಓಣಿಯಲ್ಲಿ ಎಲ್ಲ ಸುಗಮವಾಯಿತು. ಸಂದೇಶಗಳು ಸರಸರ ಬಂದವು, ಫೋನಿನ ಮಾತು ಗಂಟೆ ಬಾರಿಸಿದಂತೆ ಕೇಳಿಸಿತು. ಮಾವ ಹೆಮ್ಮೆಯಿಂದ ಓಣಿಯಲ್ಲಿ ಎರಡು ಸುತ್ತು ಹಾಕಿದರು.

ಆದರೆ ಗಂಗಮ್ಮನಿಗೆ ಮಾತೆಂದರೇ ವಿಡಿಯೋ ಅಲ್ಲವೆ? ಮಗಳ ಬೆರಳುಗಳು ಅವಳಿಗೆ ಹಿಟ್ಟಿನಲ್ಲಿ ಅದ್ದಿದಂತೆ ಮಸುಕಾಗಿ ಕಾಣತೊಡಗಿದವು. ಅವಳು ಬಂದು ಅತ್ತೆಯ ಮುಂದೆ ಕಾಲರು ಎಳೆದು, ಸ್ಕ್ರೂ ತಿರುವಿ, ಹಣೆ ಚಚ್ಚಿಕೊಂಡಳು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ದೂರು ಕೇಳಿ ಮಾವ ಕೋಟು ತೊಟ್ಟರು. ಇಂಜಿನಿಯರನ ತಪ್ಪನ್ನು ಕಾನೂನು ಸುಮ್ಮನೆ ನೋಡುತ್ತ ಕೂಡುವುದಿಲ್ಲವಂತೆ. ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ವಿಚಾರಣೆ ಎಂದು ಸಾರಿದರು. ನನ್ನನ್ನು ಕೇಳದೆಯೇ ಶಿರಸ್ತೇದಾರನನ್ನಾಗಿ ನೇಮಿಸಿದರು. ಗಂಗಮ್ಮನ ಪರ ವಕೀಲರು ಅವರೇ, ಎದುರುದಾರ ಇಂಜಿನಿಯರೂ ಅವರೇ. ಕೋಟು ತೊಟ್ಟು ಒಂದು ಪ್ರಶ್ನೆ ಕೇಳುವುದು, ಕೋಟು ಕಳಚಿ ಇಂಜಿನಿಯರಾಗಿ ಉತ್ತರಿಸುವುದು. ನಮ್ಮ ಸೀಮೆಯ ಬೇಸಿಗೆ! ನಾಲ್ಕನೆಯ ಪ್ರಶ್ನೆಯ ಹೊತ್ತಿಗೆ ನೀರಿಳಿದುಹೋದರು. ಕಾಲಹರಣವಾಗದಿರಲೆಂದು ಬಲತೋಳನ್ನು ಕೋಟಿನೊಳಗೂ ಎಡತೋಳನ್ನು ಹೊರಗೂ ಇಟ್ಟುಕೊಂಡು, ಬಲಗೈ ಎತ್ತಿ ಆರೋಪಿಸುತ್ತ, ಎಡಗೈ ಎತ್ತಿ ನಿರಾಕರಿಸುತ್ತ ಮುಂದುವರಿಸಿದರು. ನಾಲ್ಕನೇ ಮನೆಯ ದರ್ಜಿ ಬಹಳ ಹೊತ್ತು ಇದನ್ನು ವೃತ್ತಿದೃಷ್ಟಿಯಿಂದ ನೋಡಿ, ಮೆಲ್ಲಗೆ ಕೇಳಿದ:

"ವಕೀಲ ಸಾಹೇಬ್ರ, ತೀರ್ಪು ಯಾವ ತೋಳು ಕೊಡ್ತದ್ರಿ?"

ತೀರ್ಪು ಕಾಯ್ದಿರಿಸಲಾಯಿತು. ಕಾರಣವಿತ್ತು. ಮರುದಿನ ಸೇಡಂನ ಕಾಲೇಜೊಂದರಲ್ಲಿ ಮಾವನ ಭಾಷಣವಿತ್ತು. ವಿಷಯ ಅದೇ: ಇಂಟರ್ನೆಟ್ ನೀತಿಯನ್ನು ರೂಪಿಸಬೇಕಾದವರು ವಕೀಲರೋ, ಇಂಜಿನಿಯರರೋ? ವಕೀಲರ ಪರ ಮಾವ, ಇಂಜಿನಿಯರರ ಪರ ಬೇರೊಬ್ಬರು. ಆ ಬೇರೊಬ್ಬರು ಬರಲಿಲ್ಲ. ವೇದಿಕೆಯ ಮೇಲೆ ಖಾಲಿ ಕುರ್ಚಿ ನೋಡಿ ಸಂಘಟಕರು ಬೆವರುತ್ತಿದ್ದರೆ, ಮಾವನ ಮುಖ ಹೋಳಿಗೆ ಕಂಡಂತೆ ಅರಳಿತು. ಎರಡೂ ಕಡೆ ತಾವೇ ಮಾತಾಡುವುದಾಗಿ ಹೇಳಿದರು.

ಮೊದಲು ವಕೀಲರ ಕುರ್ಚಿಯಿಂದ ಎದ್ದು, ಕಟ್ಟಳೆಯಿಲ್ಲದ ತಂತಿ ಹಗ್ಗವಿಲ್ಲದ ಗೂಳಿ ಎಂದು ಅರ್ಧ ತಾಸು ಮಾತಾಡಿದರು. ಚಪ್ಪಾಳೆ. ಆಮೇಲೆ ಇಂಜಿನಿಯರರ ಕುರ್ಚಿಯಲ್ಲಿ ಎರಡು ನಿಮಿಷ ಕುಳಿತು ನೀರು ಕುಡಿದು ಎದ್ದವರು, ಹಿಂದೆ ಮಾತಾಡಿದ ಮಹಾಶಯರಿಗೆ ವಿಷಯದ ಗಂಧವೇ ಇಲ್ಲವೆಂದು ಆರಂಭಿಸಿದರು. ಇನ್ನೂ ದೊಡ್ಡ ಚಪ್ಪಾಳೆ. ಕೊನೆಗೆ ಮತ್ತೆ ಮೊದಲಿನ ಕುರ್ಚಿಗೆ ಬಂದು, ತಮ್ಮ ಮೇಲಾದ ವೈಯಕ್ತಿಕ ನಿಂದೆಗೆ ತೀವ್ರ ವಿಷಾದ ವ್ಯಕ್ತಪಡಿಸಿದರು! ಸಭೆಯಲ್ಲಿ ನಾನೊಬ್ಬನೇ ಗೊಂದಲಗೊಂಡವನಲ್ಲ ಎಂಬ ಸಮಾಧಾನ ಅಂದು ನನಗೆ ದೊರೆಯಿತು.

ಪ್ರಶ್ನೋತ್ತರಕ್ಕೆ ಒಬ್ಬ ಹುಡುಗಿ ಎದ್ದಳು. ಸರಳವಾದ ಪ್ರಶ್ನೆ.

"ಸರ್, ವಕೀಲರಿಗೊಂದು ಕುರ್ಚಿ ಅದ, ಇಂಜಿನಿಯರರಿಗೊಂದು ಅದ. ದಿನಾ ಬಳಸೋರು ಎಲ್ಲಿ ಕುಂದರಬೇಕ್ರಿ?"

ಮಾವ ಒಂದು ಕುರ್ಚಿ ನೋಡಿದರು. ಇನ್ನೊಂದನ್ನೂ ನೋಡಿದರು. ಅಧ್ಯಕ್ಷರು ವಂದನಾರ್ಪಣೆಗೆ ಸೂಚಿಸಿದರು. ಸೇಡಂನಿಂದ ಶಹಾಬಾದಿನವರೆಗೆ ಮಾವ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ. ಜ್ವರವಿರಬೇಕೆಂದು ನಾನು ಹಣೆ ಮುಟ್ಟಿ ನೋಡಿದೆ. ಹಣೆ ತಣ್ಣಗೇ ಇತ್ತು.

ಮೌನದಿಂದ ಹುಟ್ಟಿದ್ದು ಎರಡನೆಯ ನೀತಿ. ಇದನ್ನು ರಚಿಸಿದವರು ವಕೀಲರು. ಮಾನ್ಯ ಇಂಜಿನಿಯರರು ಮಾಡಿದ ತಪ್ಪೆಂದರೆ ಭೇದಭಾವ, ಅಕ್ಷರಕ್ಕೊಂದು ನ್ಯಾಯ ಚಿತ್ರಕ್ಕೊಂದು ನ್ಯಾಯ. ಇನ್ನು ಮುಂದೆ ಬಳಸುವವರೆಲ್ಲರಿಗೂ ಒಂದೊಂದು ಕುರ್ಚಿ, ಎಲ್ಲ ಕುರ್ಚಿಯೂ ಸಮ ಎಂದು ಪೀಠಿಕೆಯಲ್ಲೇ ಬರೆದರು. ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಹದಿನಾಲ್ಕು ತಾಸು, ಏಳು ಮನೆ, ಮನೆಗೆರಡು ತಾಸು. ಆ ಎರಡು ತಾಸು ಇಡೀ ತಂತಿ ಆ ಮನೆಯದೇ. ಯಾವ ಮನೆಗೆ ಯಾವ ಹೊತ್ತು ಎಂದು ಚೀಟಿ ಎತ್ತಿದರು. ಮೋಸ, ಮುಲಾಜು ಒಂದೂ ಇಲ್ಲ. ಗಂಗಮ್ಮನಿಗೆ ಹನ್ನೊಂದರಿಂದ ಒಂದು ಗಂಟೆ ಬಂತು.

ಹನ್ನೊಂದರಿಂದ ಒಂದು ಗಂಟೆ, ಇಡೀ ತಂತಿ! ರಾಜಮಾರ್ಗ! ಆದರೆ ಆ ಹೊತ್ತಿಗೆ ಫೋನು ಅಳಿಯನ ಕಿಸೆಯಲ್ಲಿ, ಅಳಿಯ ತೊಗರಿ ಹೊಲದಲ್ಲಿ. ಐದು ಗಂಟೆಗೆ ಫೋನು ಮಗಳ ಕೈಗೆ ಬಂದಾಗ ತಂತಿ ದರ್ಜಿಯ ಮನೆಯದು. ಇದನ್ನು ನಾನು ಮಾವನಿಗೆ ಹೇಳಿದೆ. "ಆಕಿಗೂ ಎರಡು ತಾಸು, ನನಗೂ ಎರಡು ತಾಸು. ಇದರಾಗ ಅನ್ಯಾಯ ಎಲ್ಲದ, ತೋರಸು" ಎಂದರು. ನಾನು ಬಹಳ ಹುಡುಕಿದೆ. ಕಾಗದದಲ್ಲಿ ಎಲ್ಲಿಯೂ ಸಿಗಲಿಲ್ಲ.

ಈ ನೀತಿಗೆ ಕಾವಲೆಂದರೆ ಪಾಸ್‌ವರ್ಡು. ಎರಡು ತಾಸಿಗೊಮ್ಮೆ ಅದು ಬದಲಾಗಬೇಕು. ಹಗಲೆಲ್ಲ ಮಾವ ಚಿತ್ತಾಪುರದ ಕೋರ್ಟಿನಲ್ಲಿರುತ್ತಾರಲ್ಲ, ಅಲ್ಲಿಂದಲೇ ಮೊಬೈಲಿನಲ್ಲಿ ಬದಲಾಯಿಸಿ ಹೊಸದನ್ನು ಅತ್ತೆಗೆ ಫೋನಿನಲ್ಲಿ ತಿಳಿಸುವರು. ಅತ್ತೆ ಅದನ್ನು ಆಯಾ ಮನೆಗೆ ಗುಟ್ಟಾಗಿ ಮುಟ್ಟಿಸಬೇಕು. ಆದರೆ ಮಡಿಯಲ್ಲಿರುವವರು ಮನೆಮನೆಗೆ ಹೋಗುವುದು ಹೇಗೆ? ತಮ್ಮ ಹೊಸ್ತಿಲಲ್ಲೇ ನಿಂತು, ಯಾರ ಪಾಳಿಯೋ ಆ ಮನೆಯತ್ತ ಮುಖ ಮಾಡಿ, ಪಾಸ್‌ವರ್ಡನ್ನು ಏರುದನಿಯಲ್ಲಿ ಎರಡು ಸಲ ಸಾರುತ್ತಿದ್ದರು. ಅಂಕಿಗಳನ್ನು ಬಿಡಿಬಿಡಿಯಾಗಿ!

ಒಂದೇ ದಿನದಲ್ಲಿ ಓಣಿಯ ಆರೂ ಮನೆಗಳು ಇಡೀ ದಿನ ಹಾಯಾಗಿ ಇಂಟರ್ನೆಟ್ ಬಳಸತೊಡಗಿದವು. ಎಲ್ಲರಿಗೂ ಕೇಳಿಸುತ್ತಿತ್ತಲ್ಲ. ಕೇಳಿಸದೆ ಇದ್ದದ್ದು ಏಳನೆಯ ಮನೆಗೆ ಮಾತ್ರ.

ಇದು ಮಾವನ ಕಿವಿಗೆ ಬಿದ್ದದ್ದು ನಾಲ್ಕನೆಯ ದಿನ. ಆ ದಿನ ಅವರು ಕೋಟನ್ನೂ ಹಾಕಲಿಲ್ಲ, ಟೆಸ್ಟರನ್ನೂ ಮುಟ್ಟಲಿಲ್ಲ. ಪಾಸ್‌ವರ್ಡು ಬದಲಿಸುವುದನ್ನು ಬಿಟ್ಟರು. ಹಳೆಯದನ್ನೇ ಗಂಗಮ್ಮನ ಫೋನಿನಲ್ಲಿ ತಾವೇ ಹಾಕಿಕೊಟ್ಟರು. ನೀತಿ ಹೋಯಿತು, ಹಿಂದಿನ ಸ್ಥಿತಿ ಬಂತು. ಅಂದರೆ ಐದು ಗಂಟೆಗೆ ಮತ್ತೆ ನಿಂತು ನಿಂತು ಬರುವ ಮಗಳು. "ವಕೀಲ ಮಾಡಿದ್ರೂ ಕೆಟ್ಟಿತು, ಇಂಜಿನಿಯರ್ ಮಾಡಿದ್ರೂ ಕೆಟ್ಟಿತು. ಇನ್ನ ನನ್ನ ಹತ್ರ ಯಾರೂ ಉಳಿದಿಲ್ಲಪಾ" ಎಂದು ನನ್ನ ಮುಂದೆ ಹೇಳಿದರು. ಅವರು ತಮಾಷೆ ಮಾಡುತ್ತಿದ್ದಾರೋ ಇಲ್ಲವೋ ನನಗೆ ತಿಳಿಯಲಿಲ್ಲ. ನಕ್ಕೂ ಬಿಟ್ಟೆ. ಅವರು ನಗಲಿಲ್ಲ.

ಮುಂದಿನ ವಾರ ಒಂದು ಸಂಜೆ ನಾನು ಮಾವನ ಪಡಸಾಲೆಯಲ್ಲಿ ಚಹ ಕುಡಿಯುತ್ತಿದ್ದೆ. ಗಂಗಮ್ಮ ಓಡಿಬಂದಳು. ಮುಂಗೈಗೆಲ್ಲ ಜೋಳದ ಹಿಟ್ಟು. ಫೋನನ್ನು ಮಾವನ ಮುಖಕ್ಕೆ ಹಿಡಿದಳು. ಪರದೆಯ ಮೇಲೆ ಅಂಬಿಕಾ ಮಲಗಿದಲ್ಲೇ ನಿಂತುಬಿಟ್ಟಿದ್ದಳು. ಕಣ್ಣು ಅರೆತೆರೆದಿದ್ದವು. ಬಲಗೈ ಹೊಟ್ಟೆಯಿಂದ ಮೇಲೆದ್ದು, ಎದೆಯವರೆಗೆ ಬಂದು, ಬೆರಳು ಅರ್ಧ ಬಿಚ್ಚಿದಂತೆ ಗಾಳಿಯಲ್ಲೇ ಉಳಿದಿತ್ತು. ಅರ್ಧ ಮಾತು. ಅದು ‘ನೋವು’ ಎಂಬುದರ ಮೊದಲರ್ಧವೋ, ‘ಕೂಸು ಒದೆಯುತ್ತದೆ’ ಎಂಬುದರ ಮೊದಲರ್ಧವೋ ಗಂಗಮ್ಮನಿಗೇ ತಿಳಿದಿರಲಿಲ್ಲ. ಎರಡೂ ಹೊಟ್ಟೆಯಿಂದಲೇ ಶುರುವಾಗುವ ಮಾತಂತೆ, ಇದನ್ನು ಆಮೇಲೆ ತಿಳಿದೆವು. ಆಗ ತಿಳಿದದ್ದು ಅವಳ ಮುಖ ಮಾತ್ರ. ಏನು ಹೇಳುತ್ತಿದ್ದಾಳೆ ಹೇಳು ಎಂದು ಅವಳು ಮಾವನನ್ನು ಕೇಳುತ್ತಿದ್ದಳು. ಕಾಲರನ್ನೂ ಎಳೆಯಲಿಲ್ಲ, ಸ್ಕ್ರೂವನ್ನೂ ತಿರುವಲಿಲ್ಲ. ಸುಮ್ಮನೆ ಅವರ ಅಂಗಿ ಹಿಡಿದಿದ್ದಳು.

ನಾನು ಅಳಿಯನಿಗೆ ಫೋನ್ ಹಚ್ಚಲು ಹೋದೆ. ಅವನ ಫೋನು ಆ ಕರೆಯಲ್ಲೇ ಸಿಕ್ಕಿಕೊಂಡಿತ್ತು. ಮಾವ ಫೋನನ್ನು ತಿರುಗಿಸಿ, ಎತ್ತಿ, ಬಾಗಿಲಿಗೆ ಹಿಡಿದು ನೋಡಿದರು. ಕೈ ಅಲ್ಲಿಯೇ ನಿಂತಿತ್ತು.

ಅಷ್ಟರಲ್ಲಿ ದೇವರ ಕೋಣೆಯಿಂದ ಅತ್ತೆ ಹೊರಬಂದರು. ದೀಪ ಹಚ್ಚಲೆಂದು ಒದ್ದೆ ಸೀರೆಯುಟ್ಟು ಮಡಿಯಲ್ಲಿದ್ದರು. ಪರದೆಯನ್ನೊಮ್ಮೆ ನೋಡಿದರು. ಹಿಟ್ಟು ಮೆತ್ತಿದ ಗಂಗಮ್ಮನ ಮುಂಗೈ ಹಿಡಿದು ಒಳಗೆ ಎಳೆದರು. ಇಷ್ಟು ವರ್ಷ ಗಂಗಮ್ಮ ಆ ಮನೆಯಲ್ಲಿ ಪಡಸಾಲೆ ದಾಟಿದವಳಲ್ಲ. ಮಾವ ಕಣ್ಣರಳಿಸಿ ಏನೋ ಹೇಳಹೊರಟರು. "ಮಡಿ ಮತ್ತ ಉಟ್ಟರಾತು. ಆ ಪೋರಿ ಕೈ ಹಂಗ ಎಷ್ಟೊತ್ತು ಎತ್ತಿಕೊಂಡಿರಬೇಕು?" ಎಂದರು ಅತ್ತೆ.

ಗೂಡಿನ ಮುಂದೆ ಹೋಗಿ ನಿಂತದ್ದೇ ತಡ, ಪರದೆಯ ಮೇಲಿನ ಕೈ ಅಲುಗಿತು. ಬೆರಳು ಪೂರ್ತಿ ಬಿಚ್ಚಿಕೊಂಡವು. ಅಂಬಿಕಾ ನಕ್ಕಳು. ಕೂಸು ಒದೆಯುತ್ತಿತ್ತು.

ಕಾರಣ ನಮಗೆಲ್ಲ ಒಮ್ಮೆಲೇ ಹೊಳೆಯಿತು. ಮಾವನಿಗೆ ಎಲ್ಲರಿಗಿಂತ ಕೊನೆಗೆ ಹೊಳೆಯಿತು. ದೇವರ ಕೋಣೆಗೂ ಗಂಗಮ್ಮನ ಮನೆಗೂ ನಡುವೆ, ಪಡಸಾಲೆಗೂ ನಡುವೆ, ಇದ್ದದ್ದು ಎರಡಡಿ ದಪ್ಪದ ಶಹಾಬಾದಿ ಕಲ್ಲಿನ ಗೋಡೆ! ತಂತಿಯ ದೋಷ ಸ್ವಲ್ಪ, ಗೋಡೆಯ ದೋಷವೇ ಎಲ್ಲ. ಎರಡು ತಿಂಗಳು ಮಾವ ವಿಡಿಯೋ ಮೇಲೆ ಕಟ್ಟಳೆ ಮಾಡಿದರು, ಮನೆಗಳ ಮೇಲೆ ಕಟ್ಟಳೆ ಮಾಡಿದರು. ಹುಟ್ಟಿನಿಂದ ಬೆನ್ನು ಆನಿಸಿ ಕುಳಿತ ಕಲ್ಲನ್ನು ಮಾತ್ರ ಇಂಜಿನಿಯರೂ ನೋಡಲಿಲ್ಲ, ವಕೀಲರೂ ನೋಡಲಿಲ್ಲ. ಡಬ್ಬಿಯನ್ನು ಪಡಸಾಲೆಗೆ ತಂದರಾಗದೆ ಎಂದು ನಾನು ಕೇಳಿದೆ. ಅತ್ತೆ ನನ್ನನ್ನು ನೋಡಿದ ನೋಟದಲ್ಲಿ ಆ ಪ್ರಶ್ನೆ ಅಲ್ಲಿಗೇ ಮುಗಿಯಿತು. ಡಬ್ಬಿ ಹೊರಗೆ ಬರುವಂತಿಲ್ಲ. ಗಂಗಮ್ಮ ಒಳಗೆ ಬರಬಹುದು. ಅದು ಅತ್ತೆಯ ನೀತಿ. ಅದನ್ನು ಅವರು ಯಾವ ಕಾಗದದಲ್ಲೂ ಬರೆಯಲಿಲ್ಲ.

ಇನ್ನೊಂದು ತೊಡಕು ಉಳಿದಿತ್ತು. ಗಂಗಮ್ಮನಿಗೆ ಮಾತಾಡಲು ಎರಡೂ ಕೈ ಬೇಕು. ಆ ಪುಟ್ಟ ಕೋಣೆಯಲ್ಲಿ ಫೋನು ಆನಿಸಲು ದೇವರ ಪೆಟ್ಟಿಗೆ ಬಿಟ್ಟರೆ ಜಾಗವಿಲ್ಲ. ಆ ಮೊದಲ ದಿನವೇ ಮಾವ ಕೈ ಚಾಚಿ ಫೋನನ್ನು ತಾವು ಹಿಡಿದರು. ಅಂದಿನಿಂದ ದಿನವೂ ಐದಕ್ಕೆ ಮುಂಚೆ ಚಿತ್ತಾಪುರದಿಂದ ಬಂದುಬಿಡುತ್ತಾರೆ. ಕಕ್ಷಿದಾರರು ಇನ್ನೂ ಮಾತಾಡುತ್ತಿರುವಾಗಲೇ ಎದ್ದು ಬಸ್ಸು ಹತ್ತುತ್ತಾರೆಂದು ಕೋರ್ಟಿನಲ್ಲಿ ದೂರು ಇದೆ. ಸ್ನಾನ ಮಾಡಿ, ಆರತಿ ತಟ್ಟೆ ಹಿಡಿದಂತೆ ಫೋನು ಹಿಡಿದು ಅರ್ಧ ತಾಸು ನಿಲ್ಲುತ್ತಾರೆ. ಕೈ ಸೋತರೆ ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಳ್ಳುತ್ತಾರೆ. ಮತ್ತು ಅಷ್ಟು ಹೊತ್ತೂ ಮುಖವನ್ನು ಗೋಡೆಯತ್ತ ತಿರುಗಿಸಿರುತ್ತಾರೆ.

ಇದು ನನಗೆ ಅರ್ಥವಾಗಲಿಲ್ಲ. ಆ ಕೈಭಾಷೆ ನಿಮಗೆ ಬರುವುದಿಲ್ಲವಲ್ಲ ಮಾಮಾ, ಕಂಡರೂ ತಿಳಿಯುವುದಿಲ್ಲ, ಮುಖ ಯಾಕೆ ತಿರುಗಿಸುತ್ತೀರಿ ಎಂದು ಕೇಳಿದೆ.

"ತಿಳಿಯೂದಿಲ್ಲ ಅಂತ ನೋಡಬಹುದೇನು?" ಎಂದರು. "ಮೂವತ್ತು ವರ್ಷ ಮಂದಿ ಮಾತೆಲ್ಲಾ ನನ್ನ ಕೈಯಾಗ ಹಾದು ಹೋಗ್ಯಾವ. ಹುಟ್ಟಿದ್ದು, ಸತ್ತದ್ದು, ಜಗಳ, ಎಲ್ಲಾ. ಒಂದೂ ಕಿವಿಗೊಟ್ಟು ಕೇಳಿಲ್ಲ. ಈಗ ಮುದುಕನಾದ ಮ್ಯಾಲ ಕೇಳಲೇನು?" ಎಂದರು.

ಇದನ್ನು ಹೇಳಿದವರು ಇಬ್ಬರಲ್ಲಿ ಯಾರು? ಕೋಟೂ ಇರಲಿಲ್ಲ, ಟೆಸ್ಟರೂ ಇರಲಿಲ್ಲ. ನಾನು ಇಂದಿಗೂ ಗೊಂದಲದಲ್ಲಿದ್ದೇನೆ.

ಮುಖ ತಿರುಗಿಸಿ ನಿಂತವರಿಗೆ ಒಂದು ಕಷ್ಟವಿದೆ. ಆ ಮಾತಿಗೆ ದನಿಯಿಲ್ಲ. ಮುಗಿಯಿತೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಅದಕ್ಕೇ ಮಾತು ಮುಗಿದ ಮೇಲೆ ಗಂಗಮ್ಮ ಅವರ ಮೊಣಕೈಯನ್ನು ಮೆಲ್ಲಗೆ ಮುಟ್ಟುತ್ತಾಳೆ. ಮುಟ್ಟುವವರೆಗೆ ಮಾವ ಅಲುಗುವುದಿಲ್ಲ.

ಮೊನ್ನೆ ಸಂಜೆ ನಾನು ಓಣಿಗೆ ಬಂದಾಗ ಗಂಗಮ್ಮ ಮನೆಮನೆಯ ಬಾಗಿಲು ಬಡಿಯುತ್ತ ಓಡುತ್ತಿದ್ದಳು. ನನ್ನನ್ನು ಕಂಡು ಎರಡೂ ತೋಳು ಮಡಚಿ ತೂಗಿ ತೋರಿಸಿದಳು. ಅದು ನನಗೂ ತಿಳಿಯಿತು. ಮಾವನ ಮನೆಗೆ ಹೋದೆ. ದೇವರ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಗೋಡೆಗೆ ಮುಖ, ಚಾಚಿದ ಕೈಯಲ್ಲಿ ಗಂಗಮ್ಮನ ಫೋನು. ಸಂತೋಷದಲ್ಲಿ ಅವಳು ಮೊಣಕೈ ಮುಟ್ಟುವುದನ್ನೇ ಮರೆತು ಓಡಿದ್ದಳು. ಪರದೆಯ ಮೇಲೆ ಚಿಂಚೋಳಿಯ ಆಸ್ಪತ್ರೆಯ ಮಂಚ, ಮಂಚದ ಮೇಲೆ ಸುಸ್ತಾದ ಅಂಬಿಕಾ, ಅವಳ ಪಕ್ಕದಲ್ಲಿ ಬಟ್ಟೆ ಸುತ್ತಿದ ಕೆಂಪು ಕೂಸು. ಅಳಿಯ ಅದರ ಮುಖದ ಮೇಲಿನ ಬಟ್ಟೆ ಸರಿಸಿ ಸರಿಸಿ ತೋರಿಸುತ್ತಿದ್ದ. ನೋಡುವವರು ಯಾರೂ ಇರಲಿಲ್ಲ.

"ತಿರುಗ್ರಿ ಮಾಮಾ, ಈಗ ನೋಡಬಹುದು" ಎಂದೆ.

ಮಾವ ತಿರುಗಲಿಲ್ಲ. ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡರು.

"ಗಂಗಮ್ಮ ಬಂದು ಮುಟ್ಟಲಿ" ಎಂದರು.